ನಮ್ಮ ದೇಶದ ಶಾಯಿ

"ಇದನ್ನೊಂದು ಓದಿ ಹೇಳಿ ದೇವದಾಸರೇ," ಎಂದು ಪ್ರೆಸಿಲ್ಲಾ ಟೀಚರ್ ದಪ್ಪ ರಟ್ಟಿನ ಪುಸ್ತಕವನ್ನು ಮೇಜಿನ ಮೇಲೆಯೇ ತಿರುಗಿಸಿ ಅವನ ಕಡೆಗೆ ತಳ್ಳಿದರು.

ಶಾಲೆ ತೆರೆಯುವುದಕ್ಕೆ ಇನ್ನೂ ಒಂದು ವಾರವಿತ್ತು. ಹೊಸ ವರ್ಷಕ್ಕೆ ತನ್ನ ಶಾಯಿ ಎಷ್ಟು ಕುಪ್ಪಿ ಬೇಕೆಂದು ಹೇಳಲು ಹೆಡ್‌ಮಿಸ್ಟ್ರೆಸ್ ಆದ ಟೀಚರ್ ಕರೆಸಿದ್ದಾರೆಂದುಕೊಂಡು ದೇವದಾಸ ಕಾಪುವಿನ ಪೇಟೆಯಿಂದ ಸೈಕಲ್ ತುಳಿದುಕೊಂಡು ಬಂದಿದ್ದ. ಬೆವರು ಒರೆಸಿಕೊಂಡು ಪುಟದ ಮೇಲೆ ಬಾಗಿದ. ಅಡ್ಮಿಶನ್ ರಿಜಿಸ್ಟರು. ಅಚ್ಚಿನ ಕೆಂಪು ಗೆರೆಗಳು ನೆಟ್ಟಗಿದ್ದವು. ಗೆರೆಗಳ ನಡುವೆ ಏನೋ ಇತ್ತು. ಎಷ್ಟೋ ಸಲ ಒಗೆದ ಬಟ್ಟೆಯಲ್ಲಿ ಉಳಿದ ಕಲೆಯಂತೆ ತೆಳು ನೀಲಿ.

"ಗುಲಾಬಿ," ಎಂದು ಓದಿದ. "ತಾಯಿ ಅಕ್ಕು. ಜಾತಿ, ಊರು... ಅದು ಸರಿಯಾಗಿ ಕಾಣುವುದಿಲ್ಲ."

"ಹುಟ್ಟಿದ ತಾರೀಕು?"

ಅವನು ಪುಸ್ತಕವನ್ನು ಕಿಟಕಿಯ ಬಳಿಗೆ ಒಯ್ದ. ಮೇ ತಿಂಗಳ ಬೆಳಕು ಕಣ್ಣು ಕುಕ್ಕುವಷ್ಟಿತ್ತು. ಆ ಜಾಗದಲ್ಲಿ ಬರಿಯ ಕಾಗದ.

"ಇಲ್ಲ ಟೀಚರ್."

"ನನಗೂ ಕಾಣುವುದಿಲ್ಲ. ಬರೆದದ್ದು ನಾನೇ."

ಹೊರಗೆ ಜಗಲಿಯಲ್ಲಿ ಒಬ್ಬ ಹೆಂಗಸು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಳಗೆ ಇಣುಕುತ್ತಿದ್ದಳು. ಬೀಡಿ ಕಟ್ಟುವ ಅಕ್ಕು. ದೇವದಾಸನಿಗೆ ಮುಖಪರಿಚಯವಿತ್ತು. ಮಗಳಿಗೆ ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸಿನ ಕೆಲಸ ಕಲಿಯಲು ಜಾಗ ಸಿಕ್ಕಿದೆ, ಹದಿನಾರು ತುಂಬಿದೆ ಎಂದು ಶಾಲೆಯಿಂದ ಪತ್ರ ಕೊಡಬೇಕು, ಜೂನ್ ಮೂವತ್ತು ಕಡೆಯ ದಿನ ಎಂದು ಟೀಚರ್ ಹೇಳಿದರು. ಅಕ್ಕುವಿನ ಬಳಿ ಬೇರೆ ಯಾವ ಕಾಗದವೂ ಇರಲಿಲ್ಲ. ಮಗಳು ಹುಟ್ಟಿದ್ದು ಗುಡಿಸಲಿನಲ್ಲಿ, ಬರೆದುಕೊಂಡವರು ಯಾರು?

"ಹಳೆಯ ರಿಜಿಸ್ಟರು ಇರಬೇಕಲ್ಲ?"

"ಅದಕ್ಕೆ ಗೆದ್ದಲು ಹಿಡಿದಿತ್ತು. ಅರುವತ್ತನೇ ಇಸವಿಯ ಬೇಸಿಗೆ ರಜೆ ಪೂರ್ತಿ ಇಲ್ಲೇ ಕೂತು, ಮೂವತ್ತೆರಡು ವರ್ಷದ ಹೆಸರುಗಳನ್ನು ಇದಕ್ಕೆ ಇಳಿಸಿದೆ. ಇನ್‌ಸ್ಪೆಕ್ಟರು ತಾಳೆ ನೋಡಿ ಸಹಿ ಹಾಕಿದ ಮೇಲೆ ಹಳೆಯದನ್ನು ಸುಟ್ಟೆವು." ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪರದೇಶದ ಶಾಯಿ ಆಗ ಕಪಾಟಿನಲ್ಲಿ ಅರ್ಧ ಕುಪ್ಪಿ ಉಳಿದಿತ್ತು. ಅದನ್ನು ಬಿಟ್ಟು ನಿಮ್ಮದರಲ್ಲಿ ಬರೆದೆ. ಚೀಟಿ ನೋಡಿ ತೆಗೆದುಕೊಂಡೆ, ದೇವದಾಸರೇ. ಶಾಯಿಯನ್ನು ನೋಡಲಿಲ್ಲ."

ಕುಪ್ಪಿಯ ಮೇಲಿನ ಆ ಚೀಟಿ ಉಡುಪಿ, ಕಾರ್ಕಳ ಎರಡು ತಾಲೂಕಿನಲ್ಲೂ ಮಕ್ಕಳಿಗೆ ಬಾಯಿಪಾಠ. ಭಾರತದ ನಕ್ಷೆ, ಅದರ ಕೆಳಗೆ 'ಸಂಪೂರ್ಣ ನಮ್ಮ ದೇಶದ್ದು', ಇನ್ನೂ ಕೆಳಗೆ ಸಣ್ಣ ಅಕ್ಷರದಲ್ಲಿ 'ಕೊಳ್ಳುವುದಾದರೆ ನಮ್ಮದನ್ನೇ ಕೊಳ್ಳಿ'. ಕಳೆದ ನವೆಂಬರಿನಲ್ಲಿ ಗಡಿಯಲ್ಲಿ ಯುದ್ಧವಾದಾಗ ಪ್ರೆಸಿಲ್ಲಾ ಟೀಚರ್ ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಈ ಕುಪ್ಪಿಯನ್ನು ಎತ್ತಿ ಹಿಡಿದು, ಪ್ರತಿಜ್ಞೆ ಮಾಡಿಸಿದ್ದರು. ಆ ದಿನ ದೇವದಾಸ ಗೇಟಿನ ಬಳಿ ಸೈಕಲ್ ಹಿಡಿದು ನಿಂತಿದ್ದ. ಇನ್ನೂರು ಮಕ್ಕಳು ಒಟ್ಟಿಗೆ ಕೂಗಿದಾಗ ತಾನೂ ಕೂಗಿದ್ದ.

"ಇದು ಮಳೆಗಾಲದ ಥಂಡಿಯಿಂದ ಆದದ್ದಾ, ಶಾಯಿಯಿಂದ ಆದದ್ದಾ?" ಟೀಚರ್ ನೇರವಾಗಿ ಕೇಳಿದರು.

"ನೋಡಿ ಹೇಳುತ್ತೇನೆ ಟೀಚರ್," ಎಂದ ದೇವದಾಸ.

ನೋಡುವುದು ಏನೂ ಇರಲಿಲ್ಲ. ವಾಪಸು ಸೈಕಲ್ ಹತ್ತುವಾಗಲೇ ಅವನಿಗೆ ಗೊತ್ತಿತ್ತು.

ಅವನ ತಂದೆ ಅಣಲೆಕಾಯಿ ಕುಟ್ಟಿ ನೀರಿನಲ್ಲಿ ಕುದಿಸಿ, ಅನ್ನಭೇದಿ ಎನ್ನುವ ಕಬ್ಬಿಣದ ಉಪ್ಪು ಹಾಕಿ, ಗೋಂದು ಬೆರೆಸಿ ಶಾಯಿ ಮಾಡುತ್ತಿದ್ದರು. ಅದು ಬರೆಯುವಾಗ ಬೂದಿಬಣ್ಣ. ಮರುದಿನ ನೋಡಿದರೆ ಕಪ್ಪು, ಆಮೇಲೆ ಅಳಿಯದು. ದೇವದಾಸ ಕೆಲಸ ವಹಿಸಿಕೊಂಡ ಕಾಲಕ್ಕೆ ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ನಗುತ್ತಿದ್ದರು. "ಇದೆಂತ ಮಾರಾಯ, ಪಾತ್ರೆ ತೊಳೆದ ನೀರು? ಪರದೇಶದ್ದು ನೋಡು, ಆಕಾಶದ ಹಾಗೆ ಉಂಟು." ಆಕಾಶದಂಥ ನೀಲಿ ಬೊಂಬಾಯಿಯ ಒಬ್ಬ ವ್ಯಾಪಾರಿಯ ಬಳಿ ಪುಡಿಯಾಗಿ ಸಿಗುತ್ತಿತ್ತು. ಡಬ್ಬಿ ಪರದೇಶದ್ದು. ನೀರು ನಮ್ಮದು, ಕುಪ್ಪಿ ನಮ್ಮದು, ಗೋಂದು ನಮ್ಮದು, ಕಲಸುವ ಕೈ ನಮ್ಮದು, ಒಂದು ಚಮಚ ಪುಡಿಗೆ ಯಾವ ದೇಶ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಡಬ್ಬಿಯೊಳಗೆ ಒಂದು ಇಂಗ್ಲಿಷ್ ಕಾಗದವಿರುತ್ತಿತ್ತು. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಮೊದಲನೆಯ ಸಲ ಅಕ್ಷರ ಕೂಡಿಸಿ ಓದಿದ್ದ: ಕಾಯಂ ದಾಖಲೆಗಳಿಗೆ ಬಳಸತಕ್ಕದ್ದಲ್ಲ. ಮಕ್ಕಳ ಕಾಪಿ ಪುಸ್ತಕಕ್ಕೆ ಎಂತ ಕಾಯಂ ಎಂದುಕೊಂಡು ಆ ಕಾಗದವನ್ನು ಒಲೆಗೆ ಹಾಕಿದ್ದ.

ಮನೆಯ ಹಿಂಬದಿಯ ಚಪ್ಪರದಲ್ಲಿ ಹೆಂಡತಿ ಚಂಪಾ ಚೀಟಿಗಳಿಗೆ ಅಂಟು ಸವರಿ ಸವರಿ ಕುಪ್ಪಿಗಳಿಗೆ ಒತ್ತುತ್ತಿದ್ದಳು. ನೆರೆಮನೆಯ ಬರ್ತಾ ಬಾಯಿ ಲಾಳಿಕೆ ಹಿಡಿದು ಶಾಯಿ ತುಂಬುತ್ತಿದ್ದಳು. ತಾಲೂಕು ಬೋರ್ಡಿನ ಕಾಗದ ಬಂದು ಹತ್ತು ದಿನವಾಗಿತ್ತು. ಜೂನಿನಿಂದ ಉಡುಪಿ, ಕಾರ್ಕಳದ ಎಲ್ಲ ಬೋರ್ಡು ಶಾಲೆಗಳಿಗೂ ಇದೇ ಶಾಯಿ. ಅಷ್ಟು ದೊಡ್ಡ ಬೇಡಿಕೆ ಅವನ ಜೀವಮಾನದಲ್ಲಿ ಬಂದಿರಲಿಲ್ಲ.

ಬರ್ತಾ ಬಾಯಿ ಊಟಕ್ಕೆ ಹೋದ ಮೇಲೆ ಅವನು ವಿಷಯ ಹೇಳಿದ. ಚಂಪಾ ಅಂಟಿನ ಕುಂಚವನ್ನು ತಟ್ಟೆಯಲ್ಲಿಟ್ಟಳು.

"ಟೀಚರಿಗೆ ಎಂತ ಹೇಳಿದಿರಿ?"

"ನೋಡಿ ಹೇಳುತ್ತೇನೆ ಅಂದೆ."

"ಥಂಡಿ ಅಂತ ಹೇಳಿ ಬಿಡಿ. ಈ ಊರಿನಲ್ಲಿ ಮಳೆಗಾಲದಲ್ಲಿ ಗೋಡೆಯೇ ಬೂಸಲು ಹಿಡಿಯುತ್ತದೆ. ಪುಸ್ತಕ ಯಾವ ಲೆಕ್ಕ?"

"ಅಕ್ಕುವಿನ ಮಗಳ ತಾರೀಕು ಹೋಗಿದೆ ಚಂಪಾ."

"ಅದು ಹೋಗಲಿ ಅಂತ ನಾನು ಮಾಡಿದ್ದಾ?" ಎಂದಳು ಅವಳು. ದನಿ ಏರಿತು, ಕೂಡಲೇ ಇಳಿಯಿತು. "ನಿಮಗೆ ಮೊದಲೇ ಗೊತ್ತಿತ್ತಾ?"

ಅವನು ತುಂಬಿದ ಕುಪ್ಪಿಗಳನ್ನು ಸಾಲಾಗಿ ಜೋಡಿಸತೊಡಗಿದ. ಚಂಪಾ ಅವನನ್ನೇ ನೋಡಿದಳು. ಆಮೇಲೆ ಕುಂಚ ತೆಗೆದುಕೊಂಡು ಮತ್ತೆ ಚೀಟಿ ಅಂಟಿಸತೊಡಗಿದಳು, ಮೊದಲಿಗಿಂತ ಬೇಗ ಬೇಗ.

ಮಧ್ಯಾಹ್ನ ಅವನು ಅರ್ಧ ಊಟಕ್ಕೇ ಕೈ ತೊಳೆದ. ಮಲಗಿದ, ಎದ್ದ, ಬಾವಿಕಟ್ಟೆಯವರೆಗೆ ಹೋಗಿ ವಾಪಸು ಬಂದ. ಹಳೆಯ ರಶೀದಿ ಪುಸ್ತಕ ತೆಗೆದು ಮೂರು ವರ್ಷದ ಹಿಂದಿನ ತನ್ನ ಸಹಿ ಹುಡುಕಿದ. ಅಲ್ಲೂ ಅದೇ ತೊಳೆದ ನೀಲಿ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಉಡುಪಿಗೆ ಹೊರಟ.

ತೆಂಕಪೇಟೆಯಲ್ಲಿ ಪುಸ್ತಕದ ಸಗಟು ಅಂಗಡಿ ಇಟ್ಟು ಅವನ ಶಾಯಿಯನ್ನೂ ಮಾರುತ್ತಿದ್ದ ವಿಠಲ ಶೆಣೈಯವರೇ ಆ ಚೀಟಿಗೆ ಮೂಲ. ನಕ್ಷೆ ಬರೆಸಿದ್ದು ಅವರು, ಮಾತು ಹೊಂದಿಸಿದ್ದು ಅವರು, ಬೋರ್ಡಿನವರೆಗೆ ಹೋಗಿ ಮಾತಾಡಿದ್ದೂ ಅವರು. ಒಳಕೋಣೆಯಲ್ಲಿ ಕೂರಿಸಿ ಕಾಫಿ ತರಿಸಿ, ಎಲ್ಲ ಕೇಳಿದರು. ಕೇಳುವಾಗ ಗಾಬರಿಪಡಲಿಲ್ಲ.

"ಪುಡಿ ಪರದೇಶದ್ದು ಅಂತ ನೀನು ನನಗೆ ಹೇಳಿರಲಿಲ್ಲ ದೇವದಾಸ."

"ನೀವು ಕೇಳಿರಲಿಲ್ಲ ಶೆಣೈಯವರೇ."

ಶೆಣೈಯವರು ನಕ್ಕುಬಿಟ್ಟರು. "ಅದೂ ಸರಿ. ಈಗ ನೋಡು. ನೀನು ಬಾಯಿ ಬಿಟ್ಟರೆ ಹೋಗುವುದು ನಿನ್ನ ಶಾಯಿ ಒಂದೇ ಅಲ್ಲ. ನಾಳೆ ಸಾಬೂನು ಮಾರುವವನಿಗೂ ಪೆನ್ಸಿಲ್ ಮಾಡುವವನಿಗೂ ಜನ ಅದನ್ನೇ ಹೇಳುತ್ತಾರೆ, ನಮ್ಮ ದೇಶದ್ದು ಅಂದರೆ ಹೀಗೇ ಅಂತ. ಈಗಷ್ಟೇ ಯುದ್ಧ ಮುಗಿದಿದೆ. ಇಂಥ ಹೊತ್ತಿನಲ್ಲಿ ಅದನ್ನು ಹೇಳುವುದು ದೇಶಕ್ಕೆ ಒಳ್ಳೆಯದಾ? ಯೋಚನೆ ಮಾಡು ಮಾರಾಯ."

"ಹಾಗಾದರೆ?"

"ಈ ಸಲದ್ದು ಒಪ್ಪಿಸು. ಬರುವ ವರ್ಷ ಒಳ್ಳೆಯ ಪುಡಿ ತರಿಸುವ. ಥಂಡಿ ಅಂತ ಹೇಳು. ಯಾರು ಬಂದು ನೋಡುತ್ತಾರೆ?"

ದೇವದಾಸ ತಲೆಯಾಡಿಸಿದ. ಶೆಣೈಯವರ ಮಾತು ತಪ್ಪೆನ್ನಲು ಅವನಿಗೆ ಆ ಹೊತ್ತಿನಲ್ಲಿ ಏನೂ ಹೊಳೆಯಲಿಲ್ಲ. ಹೊರಗೆ ಬಂದ. ಬಸ್‌ಸ್ಟ್ಯಾಂಡಿನಲ್ಲಿ ಕಾಪುವಿನ ಬಸ್ಸು ನಿಂತಿತ್ತು. ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಮನೆಗೆ ಹೋದರೆ ಮತ್ತೆ ಆ ಚಪ್ಪರ, ಸಾಲಾಗಿ ನಿಂತ ಕುಪ್ಪಿಗಳು, ಚಂಪಾಳ ಬೆನ್ನು. ಇಟ್ಟ ಕಾಲನ್ನು ತೆಗೆದ. ಪಕ್ಕದಲ್ಲಿ ಕಂಡಕ್ಟರು "ಮಣಿಪಾಲ, ಹಿರಿಯಡ್ಕ, ಕಾರ್ಕಳ" ಎಂದು ಕೂಗುತ್ತಿದ್ದ. ಅದಕ್ಕೆ ಹತ್ತಿ ಕುಳಿತ. ಯಾಕೆ ಹತ್ತಿದೆನೆಂದು ಮಣಿಪಾಲದ ಗುಡ್ಡ ಏರುವವರೆಗೂ ಅವನಿಗೆ ತಿಳಿಯಲಿಲ್ಲ. ಗುಡ್ಡದ ಮೇಲೆ ಬಿಳಿ ಸೀರೆಯ ಮೂವರು ಹುಡುಗಿಯರು ಇಳಿದು, ಸೆರಗು ಸರಿಪಡಿಸಿಕೊಂಡು ಆಸ್ಪತ್ರೆಯ ಕಡೆಗೆ ನಡೆದರು. ಬಸ್ಸು ತಿರುವು ದಾಟುವವರೆಗೂ ಅವನು ಕತ್ತು ತಿರುಗಿಸಿ ನೋಡಿದ. ಇನ್ನೂ ಎಷ್ಟು ಶಾಲೆಗಳ ಪುಸ್ತಕ ಹೀಗಾಗಿದೆಯೋ ನೋಡಬೇಕೆಂದು ಕಾರ್ಕಳಕ್ಕೆ ಟಿಕೆಟ್ ತೆಗೆದ.

ಕಾರ್ಕಳದ ಪೇಟೆಯಾಚೆಯ ಶಾಲೆಯಲ್ಲಿ ಹೆಡ್‌ಮಾಸ್ಟರ್ ಜೇಮ್ಸ್ ಮಾಸ್ಟ್ರು ಒಬ್ಬರೇ ಕೂತು ಮುರಿದ ಸ್ಲೇಟುಗಳ ಪಟ್ಟಿ ಮಾಡುತ್ತಿದ್ದರು. ಶಾಯಿ ಬಿಟ್ಟು ಬೇರೇನೂ ಕೊಳ್ಳದ ಬಡ ಶಾಲೆ ಅದು; ಮೂರು ವರ್ಷದಿಂದ ಅವರೇ ಕಾಪುವಿನ ಪೇಟೆಗೆ ಬಂದು ಒಯ್ಯುತ್ತಿದ್ದರು.

"ಏನು ದೇವದಾಸರು ಇಷ್ಟು ದೂರ? ಬನ್ನಿ, ಬನ್ನಿ. ನಿಮ್ಮ ಚೀಟಿ ನೋಡಿ ನಮ್ಮ ಮಕ್ಕಳು ನಕ್ಷೆ ಬರೆಯಲು ಕಲಿತರು ಗೊತ್ತುಂಟಾ?"

"ಅಡ್ಮಿಶನ್ ರಿಜಿಸ್ಟರು ಒಮ್ಮೆ ನೋಡಬಹುದಾ ಮಾಸ್ಟ್ರೇ?"

ಮಾಸ್ಟ್ರು ಅನುಮಾನಿಸದೆ ತೆಗೆದುಕೊಟ್ಟರು. ಅರುವತ್ತನೇ ಇಸವಿಯವರೆಗಿನ ಪುಟಗಳು ನಿನ್ನೆ ಬರೆದಂತಿದ್ದವು. ಅಲ್ಲಿಂದ ಈಚಿನ ಪುಟಗಳಲ್ಲಿ ನೀಲಿ ಕಂತಿತ್ತು, ಹಳೆಯವುಗಳಲ್ಲಿ ಹೆಚ್ಚು, ಹೊಸವುಗಳಲ್ಲಿ ಕಡಿಮೆ. ಹೆಸರುಗಳು ಇನ್ನೂ ಓದಲು ಬರುತ್ತಿದ್ದವು. ಇನ್ನೊಂದು ಮಳೆಗಾಲ ಕಳೆದರೆ ಬಾರವು.

"ಹೌದಲ್ಲ," ಎಂದರು ಮಾಸ್ಟ್ರು, ಕನ್ನಡಕ ಮೂಗಿನ ಮೇಲೆ ಏರಿಸಿ. "ನಾನು ಗಮನಿಸಿರಲಿಲ್ಲ. ಈ ಕಪಾಟಿಗೆ ಗೋಡೆಯ ನೀರು ತಾಗುತ್ತದೆ. ಥಂಡಿ ನೋಡಿ, ಥಂಡಿ."

ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾಸ್ಟ್ರೇ ಹೇಳಿಕೊಟ್ಟಿದ್ದರು. ದೇವದಾಸ ಬಾಯಿ ತೆರೆದ. ಹೊರಗೆ ಬಂದ ಮಾತು ಬೇರೆ.

"ಥಂಡಿ ಅಲ್ಲ ಮಾಸ್ಟ್ರೇ. ಶಾಯಿಯೇ ಹಾಗೆ. ಅದು ಪರದೇಶದ ಪುಡಿ. ಉಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತು."

ಜೇಮ್ಸ್ ಮಾಸ್ಟ್ರು ಪುಸ್ತಕವನ್ನು ಮುಚ್ಚಿದರು. ಮುಚ್ಚಿದ ಪುಸ್ತಕದ ಮೇಲೆ ಎರಡೂ ಕೈ ಇಟ್ಟು ಕುಳಿತರು. ಅಂಗಳದಲ್ಲಿ ಯಾರದೋ ಆಡು ಬೇಲಿಯ ಎಲೆ ಜಗ್ಗುತ್ತಿತ್ತು.

"ಇದನ್ನು ನನ್ನ ಹತ್ತಿರ ಯಾಕೆ ಹೇಳಿದಿರಿ?" ಎಂದು ಕೊನೆಗೆ ಕೇಳಿದರು. ಸಿಟ್ಟಿನಿಂದಲ್ಲ, ಹೊರಲಾರದ್ದನ್ನು ಯಾರೋ ತಲೆಯ ಮೇಲೆ ಇಟ್ಟುಹೋದಂಥ ದನಿಯಲ್ಲಿ. "ಈಗ ನಾನು ಬೋರ್ಡಿಗೆ ಬರೆಯಬೇಕಾಗುತ್ತದೆ."

"ನೀವು ಬರೆಯುವುದು ಬೇಡ. ನಾನೇ ಬರೆಯುತ್ತೇನೆ. ಒಂದು ಕಾಗದ ಕೊಡಿ."

ಮಾಸ್ಟ್ರು ಕಾಗದ ಕೊಟ್ಟರು. ಶಾಯಿ ಕುಪ್ಪಿಯತ್ತ ಹೋದ ತಮ್ಮ ಕೈಯನ್ನು ತಡೆದು, ಪೆನ್ಸಿಲ್ ಎತ್ತಿಕೊಟ್ಟರು.

ಆಮೇಲಿನದೆಲ್ಲ ಬೇಗ ಆಯಿತು. ಬೋರ್ಡಿನ ಬೇಡಿಕೆ ರದ್ದಾಯಿತು. ಶೆಣೈಯವರ ಅಂಗಡಿಯಿಂದ ಉಳಿದ ಪೆಟ್ಟಿಗೆಗಳು ಬಸ್ಸಿನ ಮಾಡಿನ ಮೇಲೆ ಬಂದು ಕಾಪುವಿನ ನಿಲ್ದಾಣದಲ್ಲಿ ಇಳಿದವು. ಜೊತೆಗೆ ಒಂದು ಅಕ್ಷರ ಬರೆದ ಕಾಗದವೂ ಇರಲಿಲ್ಲ. ಪೇಟೆಯಲ್ಲಿ ಕೆಲವರು "ಅಳಿಯುವ ಶಾಯಿ ಉಂಟಾ ದೇವದಾಸಣ್ಣ?" ಎಂದು ಕೂಗಿ ಕೇಳಿದರು. ಬರ್ತಾ ಬಾಯಿ ಗೇರುಬೀಜದ ಕಾರ್ಖಾನೆಗೆ ಸೇರಿದಳು. ಹೋಗುವ ದಿನ ಅವನನ್ನು ನೋಡಲಿಲ್ಲ, ಚಂಪಾಳಿಗೆ ಮಾತ್ರ ಹೇಳಿಹೋದಳು. ಚಂಪಾ ನಾಲ್ಕು ದಿನ ಗಂಡನೊಡನೆ ಮಾತಾಡಲಿಲ್ಲ. ಐದನೆಯ ದಿನ ಬೆಳಿಗ್ಗೆ ಅವನು ಎದ್ದು ನೋಡುವಾಗ ಅವಳು ಚಪ್ಪರದಲ್ಲಿ ಒರಳಿನ ಮುಂದೆ ಕೂತು ಅಣಲೆಕಾಯಿ ಕುಟ್ಟುತ್ತಿದ್ದಳು.

"ಮಾವ ಅನ್ನಭೇದಿ ಎಷ್ಟು ಹಾಕುತ್ತಿದ್ದರು?" ಎಂದು ಕೇಳಿದಳು, ತಲೆ ಎತ್ತದೆ.

ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಮೂರು ಸಲ ಕೆಟ್ಟಿತು. ನಾಲ್ಕನೆಯ ಸಲದ್ದನ್ನು ಕುಪ್ಪಿಗೆ ತುಂಬಿ, ಚೀಟಿ ಅಂಟಿಸದೆ, ಪ್ರೆಸಿಲ್ಲಾ ಟೀಚರ ಬಳಿಗೆ ಒಯ್ದ. ಅಳಿದ ಹೆಸರುಗಳ ಮೇಲೆ ತಾನೇ ಮತ್ತೆ ಬರೆದುಕೊಡುತ್ತೇನೆ, ಎಲ್ಲ ಶಾಲೆಗಳಿಗೂ ಹೋಗುತ್ತೇನೆ ಎಂದ.

ಟೀಚರ್ ಕುಪ್ಪಿಯನ್ನು ಮುಟ್ಟಲಿಲ್ಲ. "ಇದು ಯಾವ ದೇಶದ್ದು?"

"ನಮ್ಮದೇ. ಅಣಲೆ ಹೆಬ್ರಿಯ ಕಾಡಿನದ್ದು."

"ನಾನು ಕೇಳಿದ್ದು ತಪ್ಪಾಯಿತು. ಎಲ್ಲಿಯದ್ದಾದರೂ ಆಗಲಿ. ಉಳಿಯುತ್ತದಾ?"

"ಉಳಿಯುತ್ತದೆ."

"ಅದನ್ನು ನೀವು ಹೇಳಿದರೆ ಆಗುವುದಿಲ್ಲ ದೇವದಾಸರೇ."

ಟೀಚರ್ ಒಂದು ಹಾಳೆಯಲ್ಲಿ ಆ ಶಾಯಿಯಿಂದ ತಮ್ಮ ಹೆಸರು ಬರೆದು ನಾಲ್ಕು ತುಂಡು ಮಾಡಿದರು. ಒಂದನ್ನು ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದರು, ಒಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು, ಒಂದನ್ನು ನೀರಿನ ಲೋಟಕ್ಕೆ ಹಾಕಿದರು, ಇನ್ನೊಂದನ್ನು ಮಡಚಿ ತಮ್ಮ ಪ್ರಾರ್ಥನೆ ಪುಸ್ತಕದಲ್ಲಿಟ್ಟುಕೊಂಡರು. "ಹದಿನೈದು ದಿನ ಬಿಟ್ಟು ಬನ್ನಿ," ಎಂದರು.

"ಅಕ್ಕುವಿನ ಮಗಳಿಗೆ ತಡವಾಗುತ್ತದಲ್ಲ ಟೀಚರ್?"

"ತಡವಾಗಲಿ. ಎರಡನೆಯ ಸಲ ಅಳಿಯಬಾರದು."

ಆ ಹದಿನೈದು ದಿನ ಅವನು ಕೂತಲ್ಲಿ ಕೂರಲಿಲ್ಲ. ಯಾವ ಯಾವ ಶಾಲೆಗೆ ಎಷ್ಟು ಹೋಗಿದೆ ಎಂದು ನೆನಪಿಸಿಕೊಂಡು ಊರೂರು ಸುತ್ತಿದ. ಹೆಜಮಾಡಿಯಲ್ಲಿ ಹೆಡ್‌ಮಾಸ್ಟರು ಬಾಗಿಲಲ್ಲೇ ನಿಲ್ಲಿಸಿ ಬೈದರು. ಎಲ್ಲೂರಿನಲ್ಲಿ ನೀರು ಕೊಟ್ಟರು, ಪುಸ್ತಕ ಕೊಡಲಿಲ್ಲ. ಮೊದಲ ಮಳೆ ಬಿತ್ತು. ಮಾಡಿನ ಮೇಲೆ ಹನಿ ಸದ್ದಾದಾಗಲೆಲ್ಲ ಕಪಾಟಿನಲ್ಲಿ ಥಂಡಿ ಹಿಡಿಯುತ್ತಿರುವ ಪುಟಗಳು ಅವನ ಕಣ್ಣೆದುರು ಬರುತ್ತಿದ್ದವು.

ಹದಿನಾರನೆಯ ದಿನ ಹೋದಾಗ ಜೂನ್ ಮೂವತ್ತಕ್ಕೆ ಮೂರೇ ದಿನ ಉಳಿದಿತ್ತು. ನಾಲ್ಕು ತುಂಡುಗಳೂ ಮೇಜಿನ ಮೇಲಿದ್ದವು. ಬಿಸಿಲಿನದು, ಒದ್ದೆ ಬಟ್ಟೆಯದು, ಲೋಟದ್ದು, ಪುಸ್ತಕದ್ದು. ನಾಲ್ಕೂ ಕಪ್ಪು. ಟೀಚರ್ ರಿಜಿಸ್ಟರನ್ನು ಅವನ ಮುಂದಿಟ್ಟು, ಎದುರಿನ ಕುರ್ಚಿಯಲ್ಲಿ ಕುಳಿತರು. ಅವರು ಓದುವುದು, ಅವನು ಬರೆಯುವುದು. ಕೆಲವು ಹೆಸರುಗಳನ್ನು ಟೀಚರ್ ಪುಟ ನೋಡದೆಯೇ ಹೇಳಿದರು. ಕೆಲವು ಕಡೆ ಪುಸ್ತಕವನ್ನು ಬೆಳಕಿಗೆ ಓರೆಯಾಗಿ ಹಿಡಿದು, ನಿಬ್ಬು ಕಾಗದದಲ್ಲಿ ಕೊರೆದ ಗುರುತನ್ನು ಇಬ್ಬರೂ ತಲೆಗೆ ತಲೆ ತಾಗಿಸುವಷ್ಟು ಬಾಗಿ ಹುಡುಕಿದರು.

ಗುಲಾಬಿಯ ಹೆಸರು ಬಂದಾಗ ಅಕ್ಕುವನ್ನೂ ಮಗಳನ್ನೂ ಕರೆಸಿದರು.

"ಸರಿಯಾಗಿ ನೆನಪು ಮಾಡಿ ಹೇಳು ಅಕ್ಕು," ಎಂದರು ಟೀಚರ್.

"ನನಗೆ ತಾರೀಕು ಗೊತ್ತಿಲ್ಲ ಟೀಚರಮ್ಮ. ರೇಷನ್ ಅಕ್ಕಿಗೆ ಸಾಲು ನಿಂತಿದ್ದೆ. ದೊಡ್ಡ ಯುದ್ಧ ನಿಂತ ಮರುವರ್ಷ. ಹಿಂದಿನ ದಿನ ಆಟಿ ಅಮಾವಾಸ್ಯೆ, ಬೆಳಿಗ್ಗೆ ಕಹಿ ಕಷಾಯ ಕುಡಿದದ್ದು ಬಾಯಲ್ಲಿ ಇನ್ನೂ ಇತ್ತು. ನೋವು ಬಂತು. ಅಕ್ಕಿ ಸಿಗಲಿಲ್ಲ, ಇವಳು ಸಿಕ್ಕಿದಳು."

ಗುಲಾಬಿ ನಾಚಿ ನೆಲ ನೋಡಿದಳು. ದೇವದಾಸ ದೇವಸ್ಥಾನದ ಭಟ್ಟರಿಂದ ಹಳೆಯ ಪಂಚಾಂಗ ತಂದಿದ್ದ. ನಲ್ವತ್ತಾರನೇ ಇಸವಿಯ ಆಟಿ ತಿಂಗಳ ಅಮಾವಾಸ್ಯೆಯ ಮರುದಿನ ಜುಲೈ ಇಪ್ಪತ್ತೊಂಬತ್ತು. ಟೀಚರ್ ಪುಟವನ್ನು ಓರೆಯಾಗಿ ಎತ್ತಿದರು. ಬಹಳ ಹೊತ್ತು ನೋಡಿದರು.

"ಇಲ್ಲಿ ನೋಡಿ. ಒಂಬತ್ತರ ಬಾಲ ಹೌದಾ?"

ಸಣ್ಣದೊಂದು ಗೀರು, ಕೆಳಗೆ ಬಂದು ಎಡಕ್ಕೆ ಸೊಟ್ಟಗಾಗಿತ್ತು.

"ಹೌದು ಟೀಚರ್."

"ನೀವು ಹೌದು ಅನ್ನಬೇಕು ಅಂತ ಅಂದದ್ದಾ?"

ದೇವದಾಸ ಮತ್ತೊಮ್ಮೆ ನೋಡಿದ. ಬೆರಳಿನ ಉಗುರನ್ನು ಆ ಗೀರಿನ ಮೇಲೆ ಮೆಲ್ಲಗೆ ಎಳೆದ. "ಇಲ್ಲ. ಒಂಬತ್ತೇ."

ಅವನು ಬರೆದ. ಟೀಚರ್ ಬದಿಯಲ್ಲಿ ಚಿಕ್ಕ ಸಹಿ ಹಾಕಿ, ಅಕ್ಕುವಿನ ಹೇಳಿಕೆಯನ್ನೂ ಪಂಚಾಂಗದ ವಿವರವನ್ನೂ ಅದೇ ಶಾಯಿಯಲ್ಲಿ ಷರಾ ಬರೆದರು. ಆಮೇಲೆ ಗುಲಾಬಿಗೆ ಕೊಡುವ ಪತ್ರವನ್ನೂ ಬರೆದರು. ಅದನ್ನು ಒಣಗಲು ಬದಿಗಿಟ್ಟರು. ಅಕ್ಕು ಮೇಜಿನ ಹತ್ತಿರ ಬಂದು ರಿಜಿಸ್ಟರಿನ ಮೇಲೆ ಬಾಗಿದಳು. ಅವಳಿಗೆ ಓದು ಬಾರದು. "ಇದಾ ಇವಳದ್ದು?" ಎಂದು ತೋರುಬೆರಳು ಇಟ್ಟೇಬಿಟ್ಟಳು.

"ಅಯ್ಯೋ, ಹಸಿ ಉಂಟು!" ಎಂದರು ಟೀಚರ್. ಒತ್ತುಕಾಗದ ಹಿಡಿದು ಬಾಗಿದರು. ಅಕ್ಷರಕ್ಕೆ ಏನೂ ಆಗಿರಲಿಲ್ಲ, ಷರಾದ ಕಡೆಯ ಗೆರೆಯ ತುದಿ ಮಾತ್ರ ಸ್ವಲ್ಪ ಹರಡಿತ್ತು.

"ತಪ್ಪಾಯಿತು ಟೀಚರಮ್ಮ. ದೇವಣ್ಣ, ತಪ್ಪಾಯಿತು."

"ಅಡ್ಡಿಲ್ಲ, ಅಕ್ಕು," ಎಂದ ದೇವದಾಸ.

ತಾಯಿ ಮಗಳು ಹೊರಟರು. ಗುಲಾಬಿ ಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡಳು. ಅಂಗಳ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಇಬ್ಬರಿಗೂ ಒಂದೇ ಕೊಡೆ. ಟೀಚರ್ ಮುಂದಿನ ಹೆಸರು ಓದಿದರು. ದೇವದಾಸ ಬರೆಯಲಿಲ್ಲ, ಕಿಟಕಿಯಿಂದ ಹೊರಗೆ ನೋಡುತ್ತಿದ್ದ.

ಗೇಟಿನ ಬಳಿ ಅಕ್ಕು ನಿಂತಿದ್ದಳು. ಶಾಯಿ ತಾಗಿದ ಬೆರಳನ್ನು ಕೊಡೆಯ ಆಚೆಗೆ, ಮಳೆಗೆ ಚಾಚಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದು, ಒಳಗೆ ಎಳೆದು, ಕಣ್ಣಿನ ಹತ್ತಿರ ತಂದು ಕಲೆ ಹೋಯಿತೇ ಎಂದು ನೋಡಿದಳು. ಮಗಳು ಏನೋ ಹೇಳಿ ನಕ್ಕು ರಟ್ಟೆ ಜಗ್ಗಿದಳು. ಅಕ್ಕು ಕದಲಲಿಲ್ಲ. ಬೆರಳನ್ನು ಸೆರಗಿಗೆ ಚೆನ್ನಾಗಿ ಉಜ್ಜಿ, ಮತ್ತೆ ಮಳೆಗೆ ಚಾಚಿದಳು.